ಅಕ್ಕನ ಅಂಗನವಾಡಿಗೆ ಕಿಟಕಿ ಇಡಿಸಿದ್ದು

ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದ್ರಿ.

ಕಳೆದ ವಾರ ನಮ್ಮ ದೊಡ್ಡಕ್ಕ ನಿವೃತ್ತಿ ಆದಳು. ನಿವೃತ್ತಿ ಅನ್ನೋದು ದೊಡ್ಡ ಮಾತು. ಅಂಗನವಾಡಿ ಸಹಾಯಕಿಗೆ ಅರವತ್ತು ತುಂಬಿದರೆ "ನಾಳೆಯಿಂದ ಬರಬ್ಯಾಡ" ಅಂತಾರೆ, ಅಷ್ಟೇ. ಆಕೆಗೆ ಕೊಡೋದನ್ನ ಸಂಬಳ ಅಂತ ಕರೆಯೋದೂ ಇಲ್ಲ, ಗೌರವಧನ ಅಂತಾರೆ. ಗೌರವ ಎಷ್ಟು, ಧನ ಎಷ್ಟು ಅನ್ನೋದು ನಿಮಗೆ ಗೊತ್ತಿರೋ ವಿಷಯ. ಟೀಚರ್ ಒಂದು ಶಾಲು ಹೊದಿಸಿದರು, ಮಕ್ಕಳಿಗೆ ಸಿರಾ ಮಾಡಿದ್ದರು. ಸಿರಾನೂ ಅಕ್ಕನೇ ಮಾಡಿದ್ದು, ತನ್ನ ಬೀಳ್ಕೊಡುಗೆಗೆ ತಾನೇ ಒಲಿ ಹಚ್ಚಿ.

ಕಾರ್ಯಕ್ರಮ ಮುಗಿದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ನನ್ನ ಕೈಗಿಟ್ಟಳು. ಕೊರೊನಾ ಕಾಲದ್ದು. ಯಾರ ಮನೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಮೊಟ್ಟೆ, ಹಾಲಿನ ಪುಡಿ ಅನ್ನೋ ಲೆಕ್ಕ. ಟೀಚರ್ ಹತ್ತಿರ ಸರ್ಕಾರಿ ರಿಜಿಸ್ಟರ್ ಇರ್ತದೆ, ಮೊಬೈಲಿನಲ್ಲಿ ಆ್ಯಪ್ ಇರ್ತದೆ. ಇದು ಅಕ್ಕನ ಸ್ವಂತ ಲೆಕ್ಕ, ಏಳನೇ ಇಯತ್ತೆ ಓದಿದ ಕೈಬರಹ. "ನೀ ಫೇಸ್‌ಬುಕ್ಕಿನಾಗ ಏನೇನೋ ಬರೀತಿ ಅಲ್ಲ ತಮ್ಮಾ, ಇದನ್ನೂ ಒಮ್ಮೆ ಬರಿ" ಅಂದಳು. ಬರೀತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೂ ಇವೆ, ಅದಕ್ಕೇ ಇಷ್ಟು ದಿನ ಬರೆದಿರಲಿಲ್ಲ.

ನಮ್ಮೂರು ಹಾನಗಲ್ಲ ತಾಲೂಕಿನದು. ಹೆಸರು ಬೇಡ, ಅಕ್ಕ ಅಲ್ಲೇ ಬಾಳಬೇಕು. ನಾನು ಸವಣೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಹಿರೇಕೆರೂರು ಕಡೆಯವಳು. ಸಂಘಟನೆ ಕೆಲಸ ಅಂತ ಶಿಗ್ಗಾವಿ, ಸವಣೂರು, ಹಾನಗಲ್ಲ ಅಂತ ಬೈಕಿನಲ್ಲಿ ತಿರುಗೋನು. ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅವ್ವ ಕೂಲಿಗೆ ಹೋದರೆ ನನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದವಳು ಆಕೆಯೇ. ನನಗೆ ಸಿಕ್ಕ ಮೊದಲ ಅಂಗನವಾಡಿ ಅಕ್ಕನ ಸೊಂಟ. ಅದಕ್ಕೆ ಆಕೆ ಕೊಟ್ಟ ಬೆಲೆ ಎಂಟನೇ ಇಯತ್ತೆ.

ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ. ನಮ್ಮ ರಾಜ್ಯದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ. ನಮ್ಮೂರಿಗೆ ಬರೋ ಹೊತ್ತಿಗೆ ಬಹಳ ವರ್ಷ ಹೋದವು. ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು 1998ರಲ್ಲಿ ಸಹಾಯಕಿ ಆಗಿ ಸೇರಿದಾಗ ಅಂಗನವಾಡಿ ಇದ್ದದ್ದು ಗುಡಿಯ ಪಡಸಾಲೆಯಲ್ಲಿ. ಮೇಲಿನ ಓಣಿ ಮಕ್ಕಳು ಪಡಸಾಲೆ ಮೇಲೆ, ನಮ್ಮ ಕೇರಿ ಮಕ್ಕಳು ಮೆಟ್ಟಿಲ ಕೆಳಗೆ. ಅಡಿಗಿ ಬೇರೆಯವರು ಮಾಡೋರು, ಅಕ್ಕನದು ಕಸ ಬಳಿಯೋದು, ನೀರು ತರೋದು. ನೀರನ್ನೂ ದೂರದಿಂದ ಸುರಿಯೋದು.

ಆವಾಗ ನನಗೆ ಇಪ್ಪತ್ತು ದಾಟಿತ್ತು, ಬಿ.ಎ. ಮುಗಿಸಿ ಸಂಘಟನೆ ಅಂತ ಓಡಾಡ್ತಿದ್ದೆ. ಅರ್ಜಿ ಕೊಟ್ಟೆವು, ತಹಶೀಲ್ದಾರ ಕಚೇರಿ ಮುಂದೆ ಕೂತೆವು. 2004ರ ಅಕ್ಟೋಬರಿನಲ್ಲಿ ಆಹಾರ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿ, ಪಂಗಡದ ವಸತಿಗಳಲ್ಲೆಲ್ಲ ಆದಷ್ಟು ಬೇಗ ಅಂಗನವಾಡಿ ಆಗಬೇಕು ಅಂತ ಹೇಳಿತ್ತು. ಅದರ ಪ್ರತಿಯನ್ನ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದೆ, ಹುಚ್ಚು ಅನ್ನಿ. ಕೊನೆಗೆ ಅಂಗನವಾಡಿ ಗುಡಿಯಿಂದ ಹೊರಬಿತ್ತು. ಕೇರಿಗೂ ಮೇಲಿನ ಓಣಿಗೂ ನಡುವೆ ಇದ್ದ ಹಳೇ ಶಾಲೆಯ ಒಂದು ಕೋಣೆಗೆ ಬಂತು. ಎಲ್ಲ ಮಕ್ಕಳೂ ಒಂದೇ ನೆಲದ ಮೇಲೆ ಕೂತವು, ಅಕ್ಕ ಅಡಿಗಿ ಮಾಡಾಕ ಹತ್ತಿದಳು. ನಾವು ಪಟಾಕಿ ಹೊಡೆದೆವು. ಆ ಕೋಣೆಗೆ ಗಾಳಿ ಬರೋ ಒಂದೇ ಒಂದು ದಾರಿ ಬಾಗಿಲು ಅನ್ನೋದನ್ನ ನಮ್ಮಲ್ಲಿ ಯಾರೂ ನೋಡಲಿಲ್ಲ. ಹಿಂದಿನ ಕಿಟಕಿಯನ್ನ ಮಂಗ್ಯಾನ ಕಾಟಕ್ಕೆ ಅಂತ ಯಾವ ಕಾಲದಲ್ಲೋ ಇಟ್ಟಂಗಿ ಇಟ್ಟು ಮುಚ್ಚಿದ್ದರು.

ಇದು ಹಿನ್ನೆಲೆ.

2020ರ ಮಾರ್ಚಿನಲ್ಲಿ ಎಲ್ಲ ಬಂದ್ ಆಯ್ತು. ಅಂಗನವಾಡಿನೂ ಬಂದ್. ಆ ದಿನಗಳಲ್ಲಿ ಎಲ್ಲಿ ನೋಡಿದರೂ "ಸಾಮಾಜಿಕ ಅಂತರ ಕಾಪಾಡಿ" ಅಂತ ಬೋರ್ಡು. ನಮ್ಮ ಕಚೇರಿಗೆ ಅಂಟಿಸಿದ ಬೋರ್ಡನ್ನ ಟೈಪ್ ಮಾಡಿದವನೂ ನಾನೇ. ಆ ಮಾರ್ಚಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ "ದೈಹಿಕ ಅಂತರ" ಅನ್ನಿ ಸಾಕು ಅಂತ ತಿದ್ದಿಕೊಂಡಿತ್ತು. ಸಾಮಾಜಿಕ ಅಂತರವನ್ನ ಸಾವಿರಾರು ವರ್ಷ ಕಾಪಾಡಿಕೊಂಡು ಬಂದ ನಾಡಿಗೆ ಆ ತಿದ್ದುಪಡಿ ಬೇಕಾಗಲಿಲ್ಲ. ನಾನು ಒಂದು ಮಾತೂ ಆಡದೆ ಟೈಪ್ ಮಾಡಿದೆ, ಪ್ರಿಂಟ್ ತೆಗೆದೆ. ಅಂದು ರಾತ್ರಿ ಅದರ ವಿರುದ್ಧ ಪೋಸ್ಟ್ ಹಾಕಿದೆ. ನಿಮ್ಮಲ್ಲಿ ಕೆಲವರು ಲೈಕ್ ಒತ್ತಿದ್ದು ನೆನಪಿರಬಹುದು.

ನಮ್ಮ ಜಿಲ್ಲೆಯ ಮೊದಲ ಪ್ರಕರಣ ಗೊತ್ತಾಗಿದ್ದು ಸವಣೂರಿನಲ್ಲಿ, ಆ ವರ್ಷದ ಮೇ ಮೊದಲ ವಾರ. ನಾನು ಹೆದರಿದೆ. ಅಕ್ಕನಿಗೆ ಫೋನ್ ಹಚ್ಚಿ, "ಮನಿ ಬಿಟ್ಟು ಹೊರಗ ಹೋಗಬ್ಯಾಡ, ಆರಾಮಿಲ್ಲ ಅಂತ ಹೇಳು" ಅಂದೆ. ಅಕ್ಕ ನಕ್ಕಳು. "ಮೊಟ್ಟಿ ಯಾರು ಕೊಡಬೇಕು?" ಅಂದಳು.

ಕೇಂದ್ರ ಮುಚ್ಚಿದ್ದರೂ ಆಹಾರ ಮನೆ ಮನೆಗೆ ಮುಟ್ಟಿಸಬೇಕು ಅಂತ ಆದೇಶ ಇತ್ತು. ಟೀಚರಿಗೆ ಸರ್ವೆ ಬೇರೆ: ಯಾರ ಮನೆಗೆ ಬೆಂಗಳೂರು, ಮುಂಬೈ, ಗೋವಾದಿಂದ ಜನ ಬಂದಾರೆ, ಯಾರಿಗೆ ಕೆಮ್ಮು, ಯಾರಿಗೆ ಜ್ವರ. ಜೊತೆಗೆ ಅಕ್ಕ. ಮೊದಮೊದಲು ಇವರಿಗೆ ಮಾಸ್ಕೂ ಇರಲಿಲ್ಲ, ಸೀರೆ ಸೆರಗೇ ಮಾಸ್ಕು.

ಅಕ್ಕನ ನೋಟ್‌ಬುಕ್ಕಿನಲ್ಲಿ ಆ ತಿಂಗಳುಗಳದ್ದೆಲ್ಲ ಇದೆ. ಮೇಲಿನ ಓಣಿಯ ಹದಿನೆಂಟು ಮಕ್ಕಳು, ಕೇರಿಯ ಹದಿಮೂರು. ಒಂದೊಂದು ಹೆಸರಿನ ಮುಂದೆ ಟಿಕ್ಕು. ಕೆಲವು ಕಡೆ ಟಿಪ್ಪಣಿ: "ಮಗು ತೆಳ್ಳಗೆ ಆಗೇತಿ." "ಮೊಟ್ಟೆ ದೊಡ್ಡವರು ತಿಂದಾರ." "ಅಕ್ಕಿ ಎಲ್ಲಾರಿಗೂ ಕೂಡಿ ಬೇಯಿಸ್ಯಾರ." ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಅಂಗನವಾಡಿಯಿಂದ ಸಿಗಬೇಕು ಅನ್ನೋದು ಆಗಿನ ನಿಯಮ. ಕೇಂದ್ರದಲ್ಲಿ ಕೂಡಿಸಿ ಉಣಿಸಿದರೆ ಅದು ಮಗುವಿನ ಹೊಟ್ಟೆಗೇ ಹೋಗ್ತದೆ. ಕೂಲಿ ನಿಂತ ಮನೆಯೊಳಗೆ ಎರಡು ಕಿಲೋ ಅಕ್ಕಿ ಇಟ್ಟು ಬಂದರೆ ಅದು ಆರು ಜನರ ಅನ್ನ. ಯಾರನ್ನ ಬಯ್ಯೋಣ? ಅವ್ವ ಅನ್ನೋಳು ಒಂದು ಮಗುವಿಗೆ ಕೊಟ್ಟು ಇನ್ನೊಂದಕ್ಕೆ ಇಲ್ಲ ಅಂತಾಳೇನು?

ಕೇಂದ್ರ ಮುಚ್ಚಿದರೆ ಮಕ್ಕಳು ಸುರಕ್ಷಿತ ಅಂತ ನಾನೂ ನಂಬಿದ್ದೆ. ಆದರೆ ಮುಚ್ಚಿದ ಮೇಲೆ ಆ ಮಕ್ಕಳು ಎಲ್ಲಿ ಹೋದವು? ಈ ಪ್ರಶ್ನೆ ನಾನು ಕೇಳಿಕೊಳ್ಳಲೇ ಇಲ್ಲ. ನನ್ನ ಮಗಳು ಸವಣೂರಿನ ಬಾಡಿಗೆ ಮನೆಯಲ್ಲಿ ಫೋನ್ ಹಿಡಿದು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಳು, ಅದೇ ನನ್ನ ಕಣ್ಣ ಮುಂದೆ ಇದ್ದದ್ದು. ಹಿರೇಕೆರೂರಿಗೆ ಹೆಂಡತಿಯ ತವರಿಗೆ ಹೋದಾಗ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡೋ ಹೆಣ್ಣುಮಕ್ಕಳನ್ನ ನೋಡಿದೆ. ಬದುವಿನ ಗಿಡಕ್ಕೆ ಸೀರೆ ಕಟ್ಟಿ ಜೋಳಿಗೆ ಮಾಡ್ಯಾರೆ, ಒಳಗೆ ಕೂಸು. ಎರಡು ಮೂರು ವರ್ಷದವು ಮಣ್ಣಲ್ಲಿ ಆಡ್ತಾವೆ, ಪಕ್ಕದಲ್ಲೇ ಎಣ್ಣಿ ಹೊಡೆದು ಬಿಸಾಕಿದ ಡಬ್ಬಿ. ಉದ್ಯೋಗ ಖಾತ್ರಿಗೆ ಆ ಬೇಸಿಗೆಯಲ್ಲಿ ಮಂದಿ ಮುಗಿಬಿದ್ದಿದ್ದರು, ದಿನಕ್ಕೆ 275 ರೂಪಾಯಿ ಕೂಲಿ. ಕೆಲಸದ ಜಾಗಕ್ಕೆ ಐದು ವರ್ಷದೊಳಗಿನ ಐದು ಮಕ್ಕಳು ಬಂದರೆ ನೋಡಿಕೊಳ್ಳಾಕ ಒಬ್ಬ ಹೆಣ್ಣುಮಗಳನ್ನ ಕೂಲಿ ಕೊಟ್ಟು ನೇಮಿಸಬೇಕು ಅಂತ ಆ ಕಾಯ್ದೆಯಲ್ಲೇ ಇತ್ತು. ನಾನು ನೋಡಿದ ಯಾವ ಕೆರೆ ಹೂಳು ಕೆಲಸದಲ್ಲೂ ಅಂಥಾಕಿ ಕಾಣಲಿಲ್ಲ. ಕೇಳಿದವರಾದರೂ ಯಾರು? ನಾನೂ ಕೇಳಲಿಲ್ಲ.

ನಮ್ಮ ಕೇರಿಯಲ್ಲಿ ಮೂರು ವರ್ಷದ ಒಂದು ಹುಡುಗಿಯನ್ನ ಒಂಬತ್ತು ವರ್ಷದ ಅಕ್ಕನ ಹತ್ತಿರ ಬಿಟ್ಟು ತಾಯಿ ನಾಟಿಗೆ ಹೋಗಿದ್ದಳು. ಶಾಲೆಯೂ ಬಂದ್, ಅಂಗನವಾಡಿಯೂ ಬಂದ್. ದೊಡ್ಡ ಹುಡುಗಿ ಚಾ ಕಾಸಾಕ ಹೋಗಿ ಕುದಿಯೋ ನೀರು ಸಣ್ಣದರ ಮೈಮೇಲೆ ಬಿತ್ತು. ಕುತ್ತಿಗೆಯಿಂದ ಎದೆಯವರೆಗೆ ಸುಟ್ಟಿತು. ಬದುಕಿತು. ಕಲೆ ಇವತ್ತಿಗೂ ಇದೆ. ಆ ದೊಡ್ಡ ಹುಡುಗಿ ಆಮೇಲೆ ಒಂದು ವರ್ಷ ಸರಿಯಾಗಿ ಮಾತೇ ಆಡಲಿಲ್ಲ. ಈ ಮಗುವಿನ ಹೆಸರು ಕೋವಿಡ್ ಬುಲೆಟಿನ್ನಿನಲ್ಲಿ ಬರೋದಿಲ್ಲ. ಅಕ್ಕನ ನೋಟ್‌ಬುಕ್ಕಿನಲ್ಲಿ ಐತಿ: "ಕುದಿನೀರು. ಎರಡು ವಾರ ಮೊಟ್ಟೆ ಹೆಚ್ಚಿಗೆ ಕೊಟ್ಟೀನಿ, ನನ್ನ ರೊಕ್ಕದಾಗ."

ವೈನ್ ಶಾಪು 2020ರ ಮೇ 4ಕ್ಕೇ ತೆರೆದವು. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯ್ತು. 2021ರ ಜನವರಿ 13ಕ್ಕೆ ಸುಪ್ರೀಂ ಕೋರ್ಟು, ಕಂಟೈನ್‌ಮೆಂಟ್ ವಲಯ ಬಿಟ್ಟು ಉಳಿದ ಕಡೆ ಅಂಗನವಾಡಿ ತೆರೆಯೋ ಬಗ್ಗೆ ತಿಂಗಳ ಕೊನೆಯೊಳಗೆ ತೀರ್ಮಾನ ಮಾಡ್ರಿ ಅಂತ ರಾಜ್ಯಗಳಿಗೆ ಹೇಳಿತು. ನಮ್ಮಲ್ಲಿ ತೆರೆಯಲಿಲ್ಲ. ಅಷ್ಟರಲ್ಲಿ ಎರಡನೇ ಅಲೆ ಬಂತು.

ಎರಡನೇ ಅಲೆ ಹಳ್ಳಿಗೆ ನುಗ್ಗಿದ್ದನ್ನ ನಿಮಗೆ ಹೇಳಬೇಕಿಲ್ಲ. 2021ರ ಮೇನಲ್ಲಿ ಅಕ್ಕನಿಗೂ ಬಂತು. ಹಾಸ್ಟೆಲ್ಲಿನಲ್ಲಿ ಮಾಡಿದ್ದ ಕೋವಿಡ್ ಕೇರ್ ಸೆಂಟರಿನಲ್ಲಿ ಹತ್ತು ದಿನ ಇದ್ದಳು. ಹೋಗಿ ನೋಡಿದರೆ, ಕಾಂಪೌಂಡಿನ ಆಚೆ ನಿಂತು "ನೀ ಹತ್ತರ ಬರಬ್ಯಾಡ, ಕೂಸು ಐತಿ ಮನ್ಯಾಗ" ಅಂದಳು. ವಾಪಸ್ ಊರಿಗೆ ಬಂದ ಮೇಲೆ, ಊರಿಗೆ ರೋಗ ತಂದಾಕಿ ಆಕೆಯೇ ಅಂತ ಮಾತಾಯ್ತು. ಮನೆ ಮನೆಗೆ ಹೋಗಿ ಮಂದಿಯ ಕೆಮ್ಮನ್ನ ತನ್ನ ಎದೆಗೆ ತಂದುಕೊಂಡವಳು ಆಕೆ, ಹೇಳಿದ್ದು ಉಲ್ಟಾ. ಸಾವಿತ್ರಿಬಾಯಿ ಫುಲೆ 1897ರಲ್ಲಿ ಪ್ಲೇಗು ಹತ್ತಿದ ದಲಿತ ಹುಡುಗನೊಬ್ಬನನ್ನ ಹೊತ್ತು ದವಾಖಾನೆಗೆ ತಂದು, ಅದೇ ರೋಗ ಹತ್ತಿ ಮಾರ್ಚ್ 10ಕ್ಕೆ ತೀರಿಕೊಂಡರು. ಪ್ರತಿ ವರ್ಷ ಅವರ ಫೋಟೊಕ್ಕೆ ಹಾರ ಹಾಕಿ ಭಾಷಣ ಮಾಡೋ ನಾನು, ನನ್ನ ಮನೆಯ ಹೆಣ್ಣುಮಗಳು ಅದೇ ಕೆಲಸ ಮಾಡುವಾಗ "ಆರಾಮಿಲ್ಲ ಅಂತ ಸುಳ್ಳು ಹೇಳು" ಅಂದವನು.

ಮೂರನೇ ಅಲೆ ಮಕ್ಕಳಿಗೇ ಬರ್ತದಂತೆ ಅಂತ ಆ ಮಳೆಗಾಲ ಪೂರ್ತಿ ಟಿವಿಯವರು ಕೂಗಿದರು. ಜಿಲ್ಲೆಯಲ್ಲಿ "ವಾತ್ಸಲ್ಯ" ಅಂತ ಮಕ್ಕಳ ತಪಾಸಣೆ ನಡೀತು, ಆಮೇಲೆ ರಾಜ್ಯಕ್ಕೆಲ್ಲ "ಆರೋಗ್ಯ ನಂದನ" ಬಂತು. ಒಳ್ಳೇದೇ ಆಯ್ತು, ತೂಕ ನೋಡಾಕ ಒಂದು ನೆಪ ಸಿಕ್ಕಿತು. ಸಣ್ಣ ಮಕ್ಕಳಲ್ಲಿ ಈ ರೋಗ ಬಹುತೇಕ ಹಗುರವಾಗಿ ಹೋಗ್ತದೆ, ಐದು ವರ್ಷದೊಳಗಿನವರಿಗೆ ಮಾಸ್ಕಿನ ಅಗತ್ಯ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2020ರ ಆಗಸ್ಟಿನಲ್ಲೇ ಹೇಳಿದ್ದವು. ಆದರೆ ಹೆದರಿಕೆಗೆ ಕಿವಿ ಇರೋದಿಲ್ಲ.

ಅಕ್ಟೋಬರ್ 30ಕ್ಕೆ ಹಾನಗಲ್ಲ ಉಪಚುನಾವಣೆ. ಯಾವ ಪಕ್ಷ ಅಂತ ಇಲ್ಲ, ಎಲ್ಲರ ಸಭೆಗಳಲ್ಲೂ ಜನ ಕಿಕ್ಕಿರಿದಿದ್ದರು, ಮಾಸ್ಕು ಗದ್ದಕ್ಕೆ. ಅದಾಗಿ ಒಂಬತ್ತು ದಿನಕ್ಕೆ, 2021ರ ನವೆಂಬರ್ 8ಕ್ಕೆ, ಅಂಗನವಾಡಿ ತೆರೆದವು. ಹತ್ತೊಂಬತ್ತು ತಿಂಗಳು ದಾಟಿತ್ತು. ಮೊದಮೊದಲು ಎರಡೇ ತಾಸು.

ಸುರಕ್ಷತೆ ಅನ್ನೋ ಮಾತನ್ನ ನಮ್ಮೂರು ತನಗೆ ಬೇಕಾದಂಗ ಅರ್ಥ ಮಾಡಿಕೊಂಡಿದ್ದು ಇಲ್ಲಿ.

ತೆರೆದು ಒಂದು ವಾರ ಆಗಿತ್ತು. ಭಾನುವಾರ ಊರಿಗೆ ಹೋದಾಗ ಅಕ್ಕನ ಮನೆ ಮುಂದೆ ಆಡ್ತಿದ್ದ ಒಂದು ಹುಡುಗನನ್ನ, "ನಾಳೆ ಸಾಲಿ ಐತೇನೋ?" ಅಂತ ಕೇಳಿದೆ. "ಇಲ್ಲ, ನಾಳೆ ಅವರದು. ನಮ್ಮದು ಮಂಗಳವಾರ" ಅಂದ. ಅವರದು ಅಂದ್ರೆ ಯಾರದು? ಅಕ್ಕ ಒಳಗಿಂದ ಕೇಳಿಸಿಕೊಂಡಳು, ಮಾತಾಡಲಿಲ್ಲ.

ಬಾಲವಿಕಾಸ ಸಮಿತಿಯಲ್ಲಿ ತೀರ್ಮಾನ ಆಗಿತ್ತಂತೆ. ಮಕ್ಕಳು ಗುಂಪು ಸೇರಬಾರದು, ಅದಕ್ಕೆ ಎರಡು ಬ್ಯಾಚು. ಸೋಮವಾರ, ಬುಧವಾರ, ಶುಕ್ರವಾರ ಮೇಲಿನ ಓಣಿ. ಮಂಗಳವಾರ, ಗುರುವಾರ, ಶನಿವಾರ ಕೇರಿ. ಮೇಲಿನ ಓಣಿಯವರು ಬರೋ ದಿನ ಅಡಿಗಿ ಟೀಚರ್ ಮಾಡೋದು, ಅಕ್ಕ ಹೊರಗಿನ ಕೆಲಸ. ಕಾರಣ: ಆಕೆಗೆ ಕೊರೊನಾ ಬಂದು ಹೋಗೇತಿ. ಬಂದು ಹೋಗಿ ಆರು ತಿಂಗಳು! ಎರಡೂ ಡೋಸ್ ಲಸಿಕೆ ಆಗಿತ್ತು. ಆ ಆರು ತಿಂಗಳು ಅದೇ ಕೈಯಿಂದ ಅದೇ ಮನೆಗಳವರು ಅಕ್ಕಿ, ಬೇಳೆ, ಬೆಲ್ಲ, ಮೊಟ್ಟೆ ಇಸಗೊಂಡಿದ್ದರು. ನೋಟ್‌ಬುಕ್ಕಿನಲ್ಲಿ ಟಿಕ್ಕು ಐತಿ, ಒಂದು ಮನೆಯೂ ಬೇಡ ಅಂದಿಲ್ಲ. ಹಸಿ ಅಕ್ಕಿಗೆ ಇಲ್ಲದ ಕೊರೊನಾ ಬೆಂದ ಅನ್ನಕ್ಕೆ ಎಲ್ಲಿಂದ ಬಂತು?

ಮಕ್ಕಳು ಮನೆಯಿಂದಲೇ ತಟ್ಟೆ, ನೀರಿನ ಬಾಟಲಿ, ಕೂಡ್ರಾಕ ಒಂದು ಚೀಲ ತರಬೇಕು ಅಂತಲೂ ಆಗಿತ್ತು. ಇದು ಎಲ್ಲರಿಗೂ ಅನ್ವಯಿಸಿದ್ದು, ರೋಗದ ಕಾಲಕ್ಕೆ ತಪ್ಪಲ್ಲ. ಆದರೆ ಕೇರಿಯ ಹುಡುಗ ಗೊಬ್ಬರದ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಬರೋದನ್ನ ನೋಡಿದಾಗ ನನಗೆ ನೆನಪಾಗಿದ್ದು ಸಾತಾರಾದ ಶಾಲೆ. ಅಲ್ಲಿ ಬಾಬಾಸಾಹೇಬರು ಮನೆಯಿಂದ ಗೋಣಿತಟ್ಟು ಹೊತ್ತು ತಂದು ಬೇರೆಯಾಗಿ ಕೂಡ್ರಬೇಕಿತ್ತು, ಸಂಜೆ ಹೊತ್ತುಕೊಂಡು ವಾಪಸ್ ಹೋಗಬೇಕಿತ್ತು, ಜವಾನ ಬಂದು ಸುರಿದರೆ ಮಾತ್ರ ನೀರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಕೂಸು ಹುಟ್ಟಿದ ದಿನ ಗುಡಿಯೊಳಗೆ ಓಡಿತು ಅಂತ ಮನೆಯವರಿಗೆ ದಂಡ ಹಾಕಿದ್ದರು. ರಕ್ತ ಕುದಿಯಿತು.

ಆ ರಾತ್ರಿಯೇ ದೂರು ಟೈಪ್ ಮಾಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆ, ಕಲಂ ಸಮೇತ. ಗುಮಾಸ್ತನಿಗೆ ಬರೋ ವಿದ್ಯೆ ಅದೊಂದೇ. ಬೆಳಗ್ಗೆ ಅಕ್ಕನ ಸಹಿಗೆ ಕೊಟ್ಟೆ. ಅಕ್ಕ ಓದಿದಳು, ಎರಡು ಸಲ. ಆಮೇಲೆ ಹೇಳಿದಳು:

"ಇದನ್ನ ಕೊಟ್ಟರ ಟೀಚರ್ ಮ್ಯಾಲ ಕೇಸ್ ಆಕ್ಕೈತಿ. ಆಕಿ ಹೆದರಿ ಒಪ್ಯಾಳ, ಮನಸಿನಿಂದ ಅಲ್ಲ. ಅಂಗನವಾಡಿ ಮತ್ತ ಬಂದ್ ಆಕ್ಕೈತಿ. ಹತ್ತೊಂಬತ್ತು ತಿಂಗಳು ಹೊರಗ ಬಿದ್ದ ಹುಡುಗ್ರು, ಈಗ ವಾರದಾಗ ಮೂರು ದಿನಾರ ಹೊಟ್ಟಿ ತುಂಬ ಉಣ್ಣಾಕತ್ಯಾವು. ನೀ ಸವಣೂರಿಗೆ ಹೊಕ್ಕಿ. ನಾ ಇಲ್ಲೇ ಇರಾಕಿ."

"ಹಂಗಂತ ಸುಮ್ಮನ ಇರಬೇಕೇನು?" ಅಂತ ಜೋರು ಮಾಡಿದೆ.

"ಸುಮ್ಮನ ಯಾರು ಇರು ಅಂದ್ರು? ಆ ಕಿಟಕಿ ತಗಸು ಮೊದಲ" ಅಂದಳು.

ನನಗೆ ಅರ್ಥವೇ ಆಗಲಿಲ್ಲ. ಜಾತಿ ಬಗ್ಗೆ ಮಾತಾಡಾಕ ಬಂದವನಿಗೆ ಕಿಟಕಿ ಬಗ್ಗೆ ಹೇಳ್ತಾಳಲ್ಲ ಅಂತ ಸಿಟ್ಟೂ ಬಂತು. ಆಕೆ ಹೇಳಿದ್ದು ಇಷ್ಟು: ಕೋಣೆಯೊಳಗೆ ಉಸಿರು ಕಟ್ಟತೈತಿ, ಹೆಚ್ಚು ಮಂದಿ ಕೂಡ್ರಬಾರದು ಅನ್ನೋದು ಅವರ ಮಾತು. ಆ ಮಾತು ಸುಳ್ಳಲ್ಲ, ಕೋಣೆ ಹಂಗೇ ಐತಿ. ಆ ನೆಪ ಕಿತ್ತು ಹಾಕಿದರೆ ಉಳಿಯೋದು ಏನು ಅಂತ ಅವರ ಬಾಯಿಂದಲೇ ಹೊರಗೆ ಬರ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದೆ, ಸಣ್ಣ ವಯಸ್ಸಿನ ಹುಡುಗ. ಬ್ಯಾಚ್ ಮಾಡೋದು ಸರಿಯೋ ತಪ್ಪೋ ಅಂತ ಕೇಳಿದೆ. ತಪ್ಪು ಅಂತಾರೆ, ಬರೆಸಿಕೊಂಡು ಬರೋಣ ಅಂತ ಆಸೆ. ಅವರು ಬೇರೆಯೇ ಹೇಳಿದರು. ಸಣ್ಣ ಗುಂಪು, ಅದೇ ಅದೇ ಮಕ್ಕಳು ಒಂದು ಗುಂಪಿನಲ್ಲಿ, ಇದು ಒಳ್ಳೆ ಪದ್ಧತಿಯೇ. ಒಂದೇ ಮನೆ, ಅಕ್ಕಪಕ್ಕದ ಮನೆ ಮಕ್ಕಳು ಒಂದೇ ಗುಂಪಿನಲ್ಲಿದ್ದರೆ ಇನ್ನೂ ಒಳ್ಳೇದು. ನನ್ನ ಮುಖ ಸಪ್ಪಗಾಯ್ತು. ಹಂಗಾದ್ರೆ ಓಣಿ ಪ್ರಕಾರ ಮಾಡಿದ್ದು ಸರಿನಾ ಡಾಕ್ಟರೇ? ಆಗ ಅವರು ಕೇಳಿದರು: "ಈ ಎರಡು ಓಣಿ ಜನ ಬೇರೆ ಎಲ್ಲೂ ಸೇರೋದೇ ಇಲ್ಲವಾ?"

ಎಲ್ಲಿ ಸೇರೋದಿಲ್ಲ? ಕೇರಿಯ ಹೆಣ್ಣುಮಕ್ಕಳು ಮೇಲಿನ ಓಣಿಯವರ ಹೊಲದಲ್ಲೇ ದಿನವಿಡೀ. ಒಂದೇ ಟಂಟಂನಲ್ಲಿ ಹದಿನೈದು ಮಂದಿ ಒತ್ತಿಕೊಂಡು ಹಾನಗಲ್ಲ ಸಂತಿಗೆ ಹೋಗ್ತಾರೆ. ಅಕ್ಟೋಬರ್ 25ರಿಂದ ಒಂದನೇ ಇಯತ್ತೆಯಿಂದ ಶಾಲೆ ತೆರೆದಿತ್ತು, ಇದೇ ಮಕ್ಕಳ ಅಣ್ಣ, ಅಕ್ಕಂದಿರು ಒಂದೇ ಬೆಂಚಿನಲ್ಲಿ. ವೈರಸ್ಸಿಗೆ ದಾರಿ ಎಲ್ಲ ತೆರೆದೇ ಇತ್ತು. ಮುಚ್ಚಿದ್ದು ಮೂರು ವರ್ಷದ ಮಕ್ಕಳು ಕೂಡಿ ಉಣ್ಣೋ ಒಂದು ದಾರಿ ಮಾತ್ರ. ಡಾಕ್ಟರು ಇನ್ನೊಂದು ಹೇಳಿದರು: ಈ ರೋಗ ಗಾಳಿಯಲ್ಲಿ ನಿಲ್ಲೋದು, ನೆಲ ತೊಳೆದು ಸ್ಯಾನಿಟೈಸರ್ ಹೊಡೆದರೆ ಸಾಲದು, ಕೋಣೆಗೆ ಎದುರುಬದುರು ಗಾಳಿ ಬರಲಿ, ಆದಷ್ಟು ಹೊರಗೆ ಕೂಡ್ರಿಸಿ, ಜ್ವರ ಬಂದ ಮಗುವನ್ನ ಕಳಿಸಬೇಡಿ ಅನ್ನಿ. ಕಳಿಸದೆ ಇದ್ದ ದಿನ ಆ ಮಗುವಿನ ಊಟ ಮನೆಗೆ ಕೊಡಿ, ಇಲ್ಲದಿದ್ರೆ ಊಟಕ್ಕಾಗಿ ಜ್ವರ ಮುಚ್ಚಿಟ್ಟು ಕಳಿಸ್ತಾರೆ. ಈ ಕೊನೆಯ ಮಾತು ಅಕ್ಕನೂ ಹೇಳಿದ್ದಳು, ಡಾಕ್ಟರು ಹೇಳಿದ ಮೇಲೆ ನನಗೆ ಸರಿ ಅನಿಸಿತು ನೋಡ್ರಿ.

ಕಿಟಕಿಗೆ ರೊಕ್ಕ? ಇಲಾಖೆಗೆ ಬರೆದರೆ ಮುಂದಿನ ವರ್ಷ. ಕೇರಿಯಲ್ಲಿ ಅಂಬೇಡ್ಕರ್ ಜಯಂತಿಗೆ ಅಂತ ಕೂಡಿಸಿದ್ದ ಹಣ ಇತ್ತು, ಎರಡು ವರ್ಷದಿಂದ ಜೋರಾಗಿ ಮಾಡಿರಲಿಲ್ಲ. ಅದನ್ನ ತೆಗೆಯೋಣ ಅಂದೆ. ಹುಡುಗರು ಒಪ್ಪಲಿಲ್ಲ. "ಬಾಬಾಸಾಹೇಬರ ರೊಕ್ಕ ಸರ್ಕಾರಿ ಗ್ವಾಡಿಗೆ ಯಾಕ ಹಾಕೂಣ್ರಿ? ಆ ಮಂದಿ ಮಕ್ಕಳಿಗೂ ಗಾಳಿ ಬರಾಕ ನಾವ್ಯಾಕ ಕೊಡಬೇಕು?" ನ್ಯಾಯದ ಪ್ರಶ್ನೆಯೇ. ಮುಂದಿನ ಏಪ್ರಿಲ್ 14ಕ್ಕೆ ಡಿಜೆ ತರಬೇಕು ಅನ್ನೋದೂ ಅದರೊಳಗೆ ಇತ್ತು, ಇರಲಿ. ಎರಡು ರಾತ್ರಿ ವಾದ ಆಯ್ತು. ಕೊನೆಗೆ ಸುಟ್ಟ ಮಗುವಿನ ಅಪ್ಪ ಎದ್ದು ನಿಂತು, "ನಾನೇ ಗೌಂಡಿ ಅದೀನಿ, ಕೂಲಿ ಬ್ಯಾಡ, ಸಾಮಾನು ತಗೊಂಡು ಬರ್ರಿ" ಅಂದ. ಅಲ್ಲಿಗೆ ಮುಗೀತು. ಜಾಳಿಗಿ, ಕಬ್ಬಿಣದ ಚೌಕಟ್ಟು, ಸಿಮೆಂಟು ಎಲ್ಲ ಸೇರಿ ಎರಡು ಸಾವಿರದೊಳಗೆ ಆಯ್ತು. ಭಾನುವಾರ ಇಟ್ಟಂಗಿ ಒಡೆದಾಗ ಒಳಗಿನ ಧೂಳು ಹೊರಗೆ ಹಾರಿದ್ದು ನೋಡಾಕ ಮೇಲಿನ ಓಣಿಯವರೂ ಬಂದು ನಿಂತಿದ್ದರು.

ಬುಧವಾರ ಸಮಿತಿ ಸಭೆ. ನಾನು ದೂರಿನ ಪ್ರತಿ ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ, ಟೀಚರಿಗೆ ಅದು ಗೊತ್ತಿತ್ತು, ಉಳಿದವರಿಗೂ ಹೆಂಗೋ ಗೊತ್ತಾಗಿತ್ತು. ಅಕ್ಕ ಮಾತಾಡಿದಳು. ಕಿಟಕಿ ಆಗೇತಿ, ಹೊರಗ ಬೇವಿನ ಗಿಡದ ಬುಡಕ್ಕ ಕೂಡ್ರಸತೀವಿ, ಬ್ಯಾಚ್ ಬೇಕಂದ್ರ ಹಾಜರಿ ನಂಬರ್ ಪ್ರಕಾರ ಮಾಡ್ರಿ, ಒಂದೇ ಮನಿ ಹುಡುಗ್ರು ಒಂದೇ ಬ್ಯಾಚಿಗೆ. ಒಬ್ಬ ಹಿರಿಯರು "ಅದೆಲ್ಲ ಸರಿ, ಆದ್ರ ಅಡಿಗಿ..." ಅಂದು ನಿಲ್ಲಿಸಿದರು. "ಅಡಿಗಿ ಏನ್ರಿ?" ಅಂತ ಅಕ್ಕ ಕೇಳಿದಳು. ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಸಭೆಯನ್ನ ನಾನು ಇಪ್ಪತ್ತೈದು ವರ್ಷದ ಸಂಘಟನೆಯಲ್ಲಿ ನೋಡಿಲ್ಲ. ಟೀಚರ್ ತಲೆ ತಗ್ಗಿಸಿಕೊಂಡು ಠರಾವು ಬರೆದರು: ಬ್ಯಾಚು ಹಾಜರಿ ನಂಬರಿನ ಪ್ರಕಾರ, ಅಡಿಗೆ ಸಹಾಯಕಿಯದು.

ಗೆದ್ದೆವು ಅಂತ ಬರೆಯೋ ಮನಸ್ಸಿಲ್ಲ. ಮರುವಾರ ಮೇಲಿನ ಓಣಿಯ ಎಂಟು ಮಕ್ಕಳು ಬರಲಿಲ್ಲ. ಬಂದವರಲ್ಲೂ ಕೆಲವರು ಊಟದ ಹೊತ್ತಿಗೆ ಅಜ್ಜಿ ಬಂದು ಕರೆದುಕೊಂಡು ಹೋಗೋಳು. ಮೊಟ್ಟೆ ಮಾತ್ರ ಬಿಡಲಿಲ್ಲ, ಸಿಪ್ಪಿ ಇರ್ತದಲ್ಲ. ತಿಂಗಳೊಪ್ಪತ್ತಿನಲ್ಲಿ ಐದು ಮಕ್ಕಳು ವಾಪಸ್ ಬಂದವು. ಹಸಿವಿಗೋ, ಗೆಳೆಯರ ಸಲುವಾಗೋ ಗೊತ್ತಿಲ್ಲ. ಮೂರು ಮನೆಯವರು ಕೊನೆತನಕ ಕಳಿಸಲಿಲ್ಲ, ವ್ಯಾನು ಹತ್ತಿಸಿ ದೂರದ ಇಂಗ್ಲಿಷ್ ನರ್ಸರಿಗೆ ಹಾಕಿದರು. ಆ ವ್ಯಾನಿನಲ್ಲಿ ಎಷ್ಟು ಮಕ್ಕಳನ್ನ ತುರುಕ್ತಾರೆ ಅಂತ ನಾನು ಎಣಿಸಿದೀನಿ. ಅಲ್ಲಿ ಯಾರೂ ಅಂತರ ಕೇಳಲಿಲ್ಲ.

ನಾನು ಕೆಲಸ ಮಾಡೋದು ಸವಣೂರಿನಲ್ಲಿ. 2010ರ ಜುಲೈಯಲ್ಲಿ ಅಲ್ಲಿಯ ಭಂಗಿ ಸಮುದಾಯದವರು ಪುರಸಭೆ ಮುಂದೆ ಮಲ ಮೈಗೆ ಸುರುವಿಕೊಂಡು ನಿಂತಿದ್ದು ನಮಗ್ಯಾರಿಗೂ ಮರೆಯೋದಿಲ್ಲ. ಊರು ಸ್ವಚ್ಛ ಇಡೋರು ಯಾರು, ಊರಿನಿಂದ ದೂರ ಇರಬೇಕಾದವರು ಯಾರು ಅನ್ನೋ ಪ್ರಶ್ನೆ ಅವತ್ತು ಅವರ ಮೈಮೇಲೆ ಇತ್ತು. ಕೊರೊನಾದಲ್ಲಿ ಕೈ ತೊಳೀರಿ, ಕೈ ತೊಳೀರಿ ಅಂತ ಇಪ್ಪತ್ತು ಸೆಕೆಂಡಿನ ಪಾಠ ಹೇಳುವಾಗೆಲ್ಲ ನನಗೆ ಅವರು ಕಣ್ಣ ಮುಂದೆ ಬರೋರು. ನಮ್ಮ ಅಂಗನವಾಡಿಗೆ ನಳ ಬಂದದ್ದು ಅದಾದ ಮೇಲೆ. ಅಲ್ಲಿತನಕ ಮೂವತ್ತೊಂದು ಮಕ್ಕಳ ಕೈ ತೊಳೆಯೋ ನೀರನ್ನ ಅಕ್ಕ ಬೋರಿನಿಂದ ಕೊಡದಲ್ಲಿ ತಂದಳು. ಐವತ್ತೇಳು ವರ್ಷದ ಸೊಂಟ. ಸುರಕ್ಷತೆ ಅನ್ನೋದು ಎಲ್ಲಿಂದಲೋ ಬರೋ ಸುತ್ತೋಲೆ ಅಂತ ಕಚೇರಿಯಲ್ಲಿ ಕೂತವನಿಗೆ ಅನಿಸ್ತದೆ. ಅದು ಒಬ್ಬ ಹೆಣ್ಣುಮಗಳು ಎಷ್ಟು ಕೊಡ ಹೊರ್ತಾಳೆ ಅನ್ನೋ ಲೆಕ್ಕ.

ಆ ದೂರಿನ ಪ್ರತಿ ಇನ್ನ ನನ್ನ ಕಪಾಟಿನಲ್ಲಿ ಐತಿ. ಕೊಡಬೇಕಿತ್ತು ಅಂತ ಸಂಘಟನೆಯ ಗೆಳೆಯರು ಇವತ್ತಿಗೂ ಬಯ್ತಾರೆ, ರಾಜಿ ಮಾಡಿಕೊಂಡೆ ಅಂತಾರೆ. ಅವರು ತಪ್ಪು ಅಂತ ಹೇಳಾಕ ನನ್ನ ಹತ್ತಿರ ಉತ್ತರ ಇಲ್ಲ. ಅಕ್ಕ ತಪ್ಪು ಅಂತ ಹೇಳಾಕೂ ಬಾಯಿ ಬರೋದಿಲ್ಲ. ಕಾಮೆಂಟಿನಲ್ಲಿ ಬಯ್ಯೋರು ಬಯ್ರಿ, ಆದ್ರೆ ಆ ಟೀಚರನ್ನ ಬಿಟ್ಟು ನನ್ನನ್ನ ಬಯ್ರಿ. ಬೀಳ್ಕೊಡುಗೆ ದಿನ ಶಾಲು ಹೊದಿಸುವಾಗ ಆಕೆ ಅತ್ತಿದ್ದು ಸುಳ್ಳು ಅಳು ಅಲ್ಲ.

ಈಗ ಅಸಲಿ ಕೆಲಸಕ್ಕೆ ಬರ್ತೀನಿ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿ ಹಕ್ಕು ಐತಿ ಅಂತ ಸುಪ್ರೀಂ ಕೋರ್ಟು 2022ರ ಏಪ್ರಿಲ್ 25ಕ್ಕೆ ತೀರ್ಪು ಕೊಟ್ಟಿದೆ. ನಿನ್ನೆ ರಾತ್ರಿ ಅಕ್ಕನ ಅರ್ಜಿ ಟೈಪ್ ಮಾಡಾಕ ಕೂತಿದ್ದೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ನಡುವೆ ಸೇವೆಯಲ್ಲಿ ಖಂಡ ಏನಾದರೂ ಐತಾ ಅನ್ನೋದಕ್ಕೆ ಬಂದಾಗ ಅಕ್ಕ ಪಕ್ಕದಲ್ಲೇ ಕೂತು ನೋಡ್ತಿದ್ದಳು. "ಕೊರೊನಾದಾಗ ಬಾಗಿಲಾ ಹಾಕಿತ್ತು ಅಂತ ಅದನ್ನ ಸೂಟಿ ಅಂತ ಬರದು ಗಿರದಿ ಮತ್ತ" ಅಂದಳು. ಇಲ್ಲ ಅಕ್ಕಾ, ಬರೆಯೋದಿಲ್ಲ ಅಂದೆ. ನಂಬಲಿಲ್ಲ, ಕನ್ನಡಕ ತರಿಸಿ ತಾನೇ ಓದಿದಳು.

ನಮ್ಮ ಜಿಲ್ಲೆಯಲ್ಲಿ ಯಾರಾದರೂ ಹೀಗೆ ಅರ್ಜಿ ಹಾಕಿ ಹಣ ಪಡೆದವರಿದ್ದರೆ, ಜೊತೆಗೆ ಯಾವ ಯಾವ ದಾಖಲೆ ಇಡಬೇಕು ಅಂತ ಇನ್‌ಬಾಕ್ಸಿಗೆ ಹೇಳಿ. ಶಿಗ್ಗಾವಿ, ಹಿರೇಕೆರೂರು ಕಡೆಯ ಯೂನಿಯನ್ನಿನ ಅಕ್ಕಂದಿರು ಓದ್ತಿದ್ದರೆ ಅವರೂ. ಆ ನೋಟ್‌ಬುಕ್ಕಿನ ಪುಟಗಳನ್ನ ಜೆರಾಕ್ಸ್ ಮಾಡಿಸಿ ಲಗತ್ತಿಸಬೇಕು ಅಂತ ಅಕ್ಕನ ಹಟ. ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ ಅಂತ ನನಗೆ ಅನಿಸ್ತದೆ, ಆದರೂ ಮಾಡಿಸಿದೀನಿ, ತೊಂಬತ್ತಾರು ಪುಟ.

ಜೈಭೀಮ್.